ಮಿಲಿಗ್ರಾಂ ಆರಿಸಿದ ಕ್ಯಾಮೆರಾ

ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ಕೂತವನಿಗೆ ತೂಕವಾದರೂ ಬರಬೇಕು, ತೂಕಡಿಕೆಯಾದರೂ ಬರಬೇಕು. ನಮ್ಮ ಕಥಾನಾಯಕನಿಗೆ ಎರಡೂ ಬರಲಿಲ್ಲ. ಮೈತೂಕ ಐವತ್ತೆರಡು ಕಿಲೋ ನಾನೂರು ಗ್ರಾಮಿಗೆ ನಿಂತದ್ದು ಮುಂದೆ ಹೋಗಲೇ ಇಲ್ಲ. ಇನ್ನು ಮಧ್ಯಾಹ್ನ ಊಟವಾದ ಮೇಲೆ ಒಂದಿಷ್ಟು ತೂಕಡಿಸೋಣವೆಂದರೆ, ಮೇಜಿನ ಮೇಲಿನ ತಕ್ಕಡಿಯ ಮುಳ್ಳು ಸೊನ್ನೆಯಿಂದ ರವೆಯಷ್ಟು ಸರಿದಿದೆಯೇನೋ ಎಂಬ ಅನುಮಾನ ಕಣ್ಣು ಮುಚ್ಚಲು ಬಿಡುತ್ತಿರಲಿಲ್ಲ. ಪೇಟೆಯವರ ತಕ್ಕಡಿಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವುದು ಅವನ ಕೆಲಸ. ತಪ್ಪು ತಕ್ಕಡಿಗೆ ಅವನ ಮುದ್ರೆ ಬಿದ್ದ ದಾಖಲೆ ಇಲ್ಲ. ಪೇಟೆಯವರು ಅವನಿಗೆ ಮಿಲಿಗ್ರಾಂ ಎಂದು ಹೆಸರಿಟ್ಟಿದ್ದರು. ಅವನಿಗೆ ಅದರಿಂದ ಬೇಜಾರಿರಲಿಲ್ಲ. ಬರೀ ಗ್ರಾಂ ಎಂದಿದ್ದರೆ ಬೇಜಾರಾಗುತ್ತಿತ್ತು.

ಅವನ ಅಕ್ಕನದು ಬೇರೆಯೇ ತೂಕ. ಅವಳು ನೋಂದಣಿ ಕಚೇರಿಯಲ್ಲಿ ಟೋಕನ್ ಕೂಗುವವಳು. "ಟೋಕನ್ ನಂಬರ್ ಅರವತ್ಮೂರೂ... ಮೂರನೇ ಕಿಟಕೀ!" ಎಂದು ಅವಳು ಕೂಗಿದಳೆಂದರೆ ಅರವತ್ತಮೂರನೆಯವನ ಜೊತೆ ಅರವತ್ತನಾಲ್ಕು, ಅರವತ್ತೈದೂ ಎದ್ದು ನಿಲ್ಲುತ್ತಿದ್ದವು. ಪಕ್ಕದ ಕಟ್ಟಡದ ಬ್ಯಾಂಕಿನಲ್ಲಿ ಕೂತವರು ಕೂಡ ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಕಚೇರಿಯವರು ಅವಳಿಗೆ ಒಂದು ಮೈಕು ಕೊಟ್ಟಿದ್ದುಂಟು. ಮೊದಲ ದಿನವೇ ಆ ಮೈಕು ಕೈಕೊಟ್ಟಿತು. ಮದುವೆ ಗಿದುವೆ ಬೇಡವೆಂದು ತಮ್ಮನ ಮನೆಯ ಮಹಡಿ ಕೋಣೆಯಲ್ಲಿ ಇದ್ದವಳು. ಕೆಳಗಿನ ಬಾಗಿಲಿಗೆ ಕರೆಗಂಟೆ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬಂದವರನ್ನು ಮೇಲಿನಿಂದ ಅಕ್ಕ ನೋಡಿದರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು.

ಅಂಥ ಗಂಟಲಲ್ಲಿ ಗಂಟು ಎಂದರು ಡಾಕ್ಟರು.

"ಇಪ್ಪತ್ತೊಂದು ದಿನ ಬಿಟ್ಟು ಆಪರೇಷನ್ ಇಟ್ಕೊಳ್ಳೋಣ. ಜೀವಕ್ಕೆ ಏನೂ ಭಯ ಇಲ್ಲ," ಎಂದು ಹೇಳಿ ಅವರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. "ಆದ್ರೆ ದನಿ ಉಳಿಯಲ್ಲ."

"ಪಿಸುಮಾತು?" ಎಂದಳು ಅಕ್ಕ. ಹೊರಗೆ ಸಾಲಿನಲ್ಲಿ ಕೂತಿದ್ದ ಹನ್ನೊಂದು ಜನಕ್ಕೂ ಆ ಪ್ರಶ್ನೆ ಕೇಳಿಸಿತು.

"ಅದೂ ಕಷ್ಟ," ಎಂದರು ಡಾಕ್ಟರು.

ಮೆಟ್ಟಿಲಿಳಿಯುವಾಗ ಅಕ್ಕ ತಮ್ಮನ ಹೆಗಲು ಹಿಡಿದುಕೊಂಡಳು. "ಲೋ, ಬೀರು ಮೇಲೆ ಆ ಹಳೇ ಟೇಪ್ ರೆಕಾರ್ಡರ್ ಇದೆಯಲ್ಲ, ಅದರಲ್ಲಿ ನನ್ನ ದನಿ ಒಂಚೂರು ಹಿಡಿದಿಡೋ."

"ಯಾರಿಗಕ್ಕಾ?"

"ನನಗೇ ಕಣೋ. ಸತ್ತುಹೋದ್ರೆ ಬೇರೆಯವರು ನೆನಪಿಟ್ಕೊಳ್ತಾರೆ, ಅದು ಅವರ ತಲೆನೋವು. ನಾನು ಬದುಕಿರ್ತೀನಲ್ಲ. ಹೇಗೆ ಮಾತಾಡ್ತಿದ್ದೆ ಅಂತ ನನಗೇ ಮರೆತುಹೋದ್ರೆ ಯಾರನ್ನ ಹೋಗಿ ಕೇಳ್ಲಿ?"

ಇಲ್ಲಿ ಮಿಲಿಗ್ರಾಂ "ಹೂಂ ಅಕ್ಕಾ" ಎಂದಿದ್ದರೆ ಎರಡೇ ಮಾತಿನಲ್ಲಿ ಕೆಲಸ ಮುಗಿಯುತ್ತಿತ್ತು. ಕಥೆ ಬರೆಯುವವರಿಗೆ ಮಾತ್ರ ನಷ್ಟ. ಆದರೆ ಅವನು ಮೆಟ್ಟಿಲ ಮಧ್ಯೆ ನಿಂತುಬಿಟ್ಟ.

"ಆ ಡಬ್ಬಾದಲ್ಲಾ? ಅದರಲ್ಲಿ ಹಿಡಿದ್ರೆ ನೀನು ಬಾವಿಗೆ ಬಿದ್ದು ಕೂಗ್ತಿರೋ ಥರ ಕೇಳುತ್ತೆ. ದನಿ ಇದ್ದಮೇಲೆ ಮುಖ ಬೇಡ್ವಾ? ಮುಖ ಇದ್ದಮೇಲೆ ಒಳ್ಳೇ ಫೋಟೋ ಬೇಡ್ವಾ? ವಿಡಿಯೋನೂ ಬರಬೇಕು, ಫೋಟೋನೂ ಬರಬೇಕು, ಎರಡೂ ಒಂದರಲ್ಲೇ ಬರಬೇಕು. ಅಂಥದ್ದು ಈಗ ಬಂದಿದೆಯಂತೆ. ನಾನು ನೋಡ್ತೀನಿ ಬಿಡು."

ಸರ್ಕಾರಿ ನೌಕರನ ಬಾಯಲ್ಲಿ "ನೋಡ್ತೀನಿ" ಎಂಬ ಮಾತಿಗೆ ಎಷ್ಟು ದಿನ ಎಂಬುದನ್ನು ಅಳತೆ ಇಲಾಖೆ ಕೂಡ ಇನ್ನೂ ಅಳೆದಿಲ್ಲ.

ನೋಡಲು ಶುರುಮಾಡಿದ. ಮೊದಲಿಗೆ ಕಚೇರಿಯ ದೊಡ್ಡ ರಿಜಿಸ್ಟರಿನ ಹಾಳೆಗಳನ್ನು ಅಂಟಿಸಿ ಒಂದು ಪಟ್ಟಿ ಮಾಡಿದ. ಸಾಲಿಗೊಂದರಂತೆ ಹನ್ನೊಂದು ಕ್ಯಾಮೆರಾ, ಕಾಲಮಿಗೊಂದರಂತೆ ಇಪ್ಪತ್ತೇಳು ಗುಣ. ಊಟದ ಮೇಜಿನ ಮೇಲೆ ಹಾಸಿದರೆ ತಟ್ಟೆ ಇಡಲು ಜಾಗವಿಲ್ಲ. ಅವನ ಹೆಂಡತಿ "ಮೆಗಾಪಿಕ್ಸೆಲ್" ಮೇಲೆ ಸಾರಿನ ಪಾತ್ರೆ, "ಬ್ಯಾಟರಿ" ಮೇಲೆ ನೀರಿನ ಲೋಟ ಇಟ್ಟು ಬಡಿಸುತ್ತಿದ್ದಳು.

"ಇದರಲ್ಲಿ ದನಿ ಹೇಗೆ ಬರುತ್ತೆ ಅನ್ನೋದಕ್ಕೆ ಎಷ್ಟನೇ ಕಾಲಂ?" ಎಂದು ಅವಳು ಕೇಳಿದಳು.

ಮಿಲಿಗ್ರಾಂ ಹುಡುಕಿದ. ಲೆನ್ಸು ಇತ್ತು, ಜೂಮು ಇತ್ತು, ಕೈ ನಡುಗಿದರೂ ಚಿತ್ರ ನಡುಗದ ಗುಣ ಇತ್ತು, ಬೂದು, ಬೆಳ್ಳಿ ಎಂದು ಬಣ್ಣ ಕೂಡ ಇತ್ತು.

"ದನಿ ಎಲ್ಲದರಲ್ಲೂ ಬಂದೇ ಬರುತ್ತೆ ಕಣೇ. ಅದನ್ನೇನು ಹೋಲಿಸೋದು!" ಎಂದ.

ಕ್ಯಾಮೆರಾ ಅಂಗಡಿಗೆ ಹೋದವನು ಚೀಲದಿಂದ ಕಚೇರಿಯ ಚಿಕ್ಕ ತಕ್ಕಡಿ ತೆಗೆದು ಗಾಜಿನ ಮೇಲೆ ಇಟ್ಟ. ಅಂಗಡಿಯ ಹುಡುಗಿ ನಗುನಗುತ್ತ ಬಂದವಳು ತಕ್ಕಡಿ ನೋಡಿ ಅಲ್ಲೇ ನಿಂತಳು.

"ನಿಮ್ಮ ಪುಸ್ತಕದಲ್ಲಿ ಇದು ನಾನೂರ ಎಂಬತ್ತು ಗ್ರಾಂ ಅಂತಿದೆ. ಇಲ್ಲಿ ನಾನೂರ ಎಂಬತ್ತಾರು ತೋರಿಸ್ತಿದೆ."

"ಸಾರ್, ಕ್ಯಾಮೆರಾನ ಯಾರೂ ಕಿಲೋ ಲೆಕ್ಕದಲ್ಲಿ ಕೊಳ್ಳಲ್ಲ."

"ಆರು ಗ್ರಾಂ ಎಲ್ಲಿಂದ ಬಂತು?"

"ಕುತ್ತಿಗೆ ಪಟ್ಟಿ ಸಾರ್," ಎಂದು ಹುಡುಗಿ ಪಟ್ಟಿ ಬಿಚ್ಚಿದಳು. ತಕ್ಕಡಿ ನಾನೂರ ಎಂಬತ್ತಕ್ಕೆ ಬಂದು ನಿಂತಿತು. ಮಿಲಿಗ್ರಾಮಿಗೆ ಆ ಕಂಪನಿಯ ಮೇಲೆ ಅಪಾರ ಗೌರವ ಹುಟ್ಟಿತು.

"ಸರಿ, ಇದರಲ್ಲಿ ವಿಡಿಯೋ ಚೆನ್ನಾಗಿ ಬರುತ್ತಾ, ಫೋಟೋ ಚೆನ್ನಾಗಿ ಬರುತ್ತಾ?"

"ವಿಡಿಯೋ ಚೆನ್ನಾಗಿರೋದರಲ್ಲಿ ಫೋಟೋ ಸುಮಾರು ಸಾರ್. ಫೋಟೋ ಚೆನ್ನಾಗಿರೋದರಲ್ಲಿ ವಿಡಿಯೋ ಸುಮಾರು."

"ಎರಡೂ ಚೆನ್ನಾಗಿರೋದು ಬೇಕು ಅಂದ್ರೆ?"

"ಎರಡು ಕೊಂಡ್ಕೊಳ್ಳಿ."

ಮರುದಿನವೂ ಹೋದ. ಅದರ ಮರುದಿನವೂ ಹೋದ. ಎಂಟನೆಯ ದಿನದ ಹೊತ್ತಿಗೆ ಅವನು ಬೀದಿಯ ತಿರುವಿನಲ್ಲಿ ಕಂಡಕೂಡಲೇ ಹುಡುಗಿ ಗಾಜಿನ ಮೇಲಿನದನ್ನೆಲ್ಲ ಸರಿಸಿ ತಕ್ಕಡಿಗೆ ಜಾಗ ಮಾಡಿಕೊಡುತ್ತಿದ್ದಳು. ಮನೆಯಲ್ಲಿ ಅಕ್ಕನ ದನಿ ಸಂಜೆ ಹೊತ್ತಿಗೆ ಬಿರುಕು ಬಿಡಲು ಶುರುವಾಗಿತ್ತು. ಬೆಳಿಗ್ಗೆ ಹೊತ್ತು ಇನ್ನೂ ಮೊದಲಿನ ಹಾಗೇ ಇತ್ತು.

"ರೀ, ಆ ಟೇಪ್ ರೆಕಾರ್ಡರ್ ಕೆಳಗಿಳಿಸಿ ಒರೆಸಿಟ್ಟಿದ್ದೀನಿ," ಎಂದಳು ಹೆಂಡತಿ. "ಈಗ ಒಂದು ಹತ್ತು ನಿಮಿಷ ಹಿಡಿದುಬಿಡಿ. ಆಮೇಲೆ ನಿಮ್ಮ ಇಪ್ಪತ್ತೇಳು ಗುಣ ನೋಡ್ಕೊಳ್ಳಿ. ನಮ್ಮ ಮದುವೆಗೆ ಮುಂಚೆ ನನ್ನಲ್ಲಿ ಮೂರು ಗುಣನೂ ನೋಡಿರ್ಲಿಲ್ಲ ನೀವು."

"ಬೇಡ ಬೇಡ. ಒಂದು ಸಲ ಕೆಟ್ಟ ಪ್ರತಿ ಆದ್ರೆ ಅದೇ ನಿಂತುಬಿಡುತ್ತೆ," ಎಂದು ಅದನ್ನು ಅವನೇ ಎತ್ತಿ ಮತ್ತೆ ಬೀರುವಿನ ಮೇಲಿಟ್ಟ.

ಹುಡುಗಿ ಕಡೆಗೆ ಬೇಸತ್ತು, ತೋರಿಸಲು ಇಟ್ಟಿದ್ದ ಒಂದು ಕ್ಯಾಮ್‌ಕಾರ್ಡರನ್ನೇ ಅವನ ಕೈಗೆ ಕೊಟ್ಟಳು. "ಸಾರ್, ನಾಲ್ಕು ದಿನ ಇಟ್ಕೊಂಡು ನೋಡಿ. ಇಲ್ಲಿಗೆ ಮಾತ್ರ ಬರಬೇಡಿ." ಅದರ ಪಕ್ಕದಲ್ಲಿ ಒಂದು ಚಿಕ್ಕ ಚಕ್ರ. ಒಂದು ಕಡೆ ತಿರುಗಿಸಿದರೆ ವಿಡಿಯೋ, ಟೇಪಿಗೆ ಹೋಗುತ್ತದೆ. ಇನ್ನೊಂದು ಕಡೆ ತಿರುಗಿಸಿದರೆ ಫೋಟೋ, ಉಗುರಿನಷ್ಟಗಲದ ಒಂದು ಕಾರ್ಡಿಗೆ ಹೋಗುತ್ತದೆ. ಗುಂಡಿ ಮಾತ್ರ ಎರಡಕ್ಕೂ ಒಂದೇ.

ಜೂಮ್ ಎಷ್ಟು ದೂರ ಹೋಗುತ್ತದೆಂದು ಪರೀಕ್ಷಿಸಲು ಮಿಲಿಗ್ರಾಂ ಕಚೇರಿಯ ಮೊದಲ ಮಹಡಿಯ ಕಿಟಕಿಯಲ್ಲಿ ನಿಂತ. ಎದುರಿಗೆ ತರಕಾರಿ ಪೇಟೆ. ಜೂಮ್ ಮಾಡಿದ. ಈರುಳ್ಳಿ ಅಂಗಡಿಯಾಕೆಯ ತಕ್ಕಡಿ ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ತಟ್ಟೆಯ ಅಡಿಗೆ ಅಂಟಿಸಿದ್ದ ಹುಣಸೆಬೀಜದಷ್ಟು ಮೇಣ ಕೂಡ ಕಂಡಿತು. ಅವನು "ಆಹಾ!" ಎಂದದ್ದು ಕ್ಯಾಮೆರಾದ ಸ್ಪಷ್ಟತೆಗೆ. ಆದರೆ ಆ ಹೊತ್ತಿಗೆ ಈರುಳ್ಳಿಯಾಕೆ ತಲೆಯೆತ್ತಿ ನೋಡಿದಳು. ಕಿಟಕಿಯಲ್ಲಿ ಮಿಲಿಗ್ರಾಂ. ಮಿಲಿಗ್ರಾಮಿನ ಕಣ್ಣಿಗೆ ಒಂದು ಕಪ್ಪು ಕೊಳವೆ. ಅವನು ಜೂಮ್ ಎಂದರೆ ಇವಳಿಗೆ ಮೈ ಜುಮ್ ಎಂದಿತು.

ಹತ್ತು ನಿಮಿಷದಲ್ಲಿ ಸುದ್ದಿ ಪೇಟೆಯ ಆ ತುದಿ ಮುಟ್ಟಿತು. ಇಲಾಖೆ ಕಳ್ಳ ಕ್ಯಾಮೆರಾ ಇಟ್ಟಿದೆ. ಆಲೂಗಡ್ಡೆಯವನ ಬಾಯಿಗೆ ಬರುವಷ್ಟರಲ್ಲಿ ಕ್ಯಾಮೆರಾ ನಾಲ್ಕಾಗಿತ್ತು. ಸೊಪ್ಪಿನವನ ಹತ್ತಿರ ಬರುವಾಗ ಅದು ಗೋಡೆಯೊಳಗಿಂದಲೂ ನೋಡುವಂಥದ್ದಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಪೇಟೆಯ ತಕ್ಕಡಿಗಳೆಲ್ಲ ತೊಳೆದು ಹೊಳೆಯುತ್ತಿದ್ದವು. ಕಿಲೋ ಕೇಳಿದವರಿಗೆ ಒಂದು ಕಿಲೋ ನೂರು ಗ್ರಾಂ ಕೊಟ್ಟು, ಕಿಟಕಿಯ ಕಡೆ ತಿರುಗಿ, "ನೋಡ್ಕೊಳ್ಳಿ ಸ್ವಾಮೀ, ಮೇಲೆ ಎರಡು ಹಾಕಿದ್ದೀನಿ!" ಎಂದು ಕೂಗುತ್ತಿದ್ದರು. ಜನ ಮುಗಿಬಿದ್ದರು. ಮಿಲಿಗ್ರಾಂ ಇದನ್ನೆಲ್ಲ ಕೊಳವೆಯಲ್ಲಿ ನೋಡಿ, "ಗುಂಪಿನಲ್ಲೂ ಬಣ್ಣ ಕೆಡಲ್ಲ" ಎಂದು ಪಟ್ಟಿಯ ಹತ್ತೊಂಬತ್ತನೆಯ ಕಾಲಮಿನಲ್ಲಿ ಬರೆದುಕೊಂಡ.

ನಾಲ್ಕನೆಯ ದಿನ ವರ್ತಕರ ಸಂಘದವರು ಸಾಹೇಬರ ಕೋಣೆಗೆ ನುಗ್ಗಿದರು. ಇಲಾಖೆಯ ಸಾಹೇಬರು ಮುಂದಿನ ವರ್ಷ ನಿವೃತ್ತರಾಗುವವರು. ಅಲ್ಲಿಯವರೆಗೆ ಯಾವ ಫೈಲೂ ಏಳಬಾರದು, ತಾವೂ ಏಳಬಾರದು ಎಂಬುದು ಅವರ ಧೋರಣೆ. ಮಿಲಿಗ್ರಾಮಿಗೆ ಕರೆ ಹೋಯಿತು.

"ಏನ್ರೀ ಇದು? ಯಾರ ಆರ್ಡರ್ ಮೇಲೆ ಚಿತ್ರ ಹಿಡೀತಿದ್ದೀರಿ?"

"ಸಾರ್, ಅದು ನಮ್ಮಕ್ಕನ ದನಿಗೆ..."

"ನಿಮ್ಮಕ್ಕನ ದನಿಗೂ ಈರುಳ್ಳಿ ತಕ್ಕಡಿಗೂ ಏನ್ರೀ ಸಂಬಂಧ?"

ಸಂಬಂಧ ವಿವರಿಸಲು ಮಿಲಿಗ್ರಾಂ ಪಟ್ಟಿ ಬಿಚ್ಚಿದ. ಅದು ಸಾಹೇಬರ ಮೇಜು ದಾಟಿ, ಸಂಘದ ಅಧ್ಯಕ್ಷರ ಮಡಿಲು ದಾಟಿ, ನೆಲ ಮುಟ್ಟಿತು. ಹನ್ನೊಂದು ಸಾಲು, ಇಪ್ಪತ್ತೇಳು ಕಾಲಂ, ಕೆಂಪು ಶಾಯಿಯ ಗುರುತುಗಳು. ಅಧ್ಯಕ್ಷರ ಮುಖ ಬಿಳಿಚಿಕೊಂಡಿತು. ಹನ್ನೊಂದು ಎಂದರೆ ಹನ್ನೊಂದು ಅಂಗಡಿ ಎಂದೇ ಅವರು ತಿಳಿದರು.

"ಸಾಹೇಬರೇ, ನಾವು ದೂರು ವಾಪಸ್ ತಗೋತೀವಿ," ಎಂದರು. "ಪೇಟೆನೆಲ್ಲ ನಾವೇ ಸರಿಮಾಡ್ಕೊತೀವಿ."

ಅವರು ಹೋದ ಮೇಲೆ ಸಾಹೇಬರು ಕುರ್ಚಿಯಿಂದ ಎದ್ದರು. ಇದು ಆ ವರ್ಷ ಎರಡನೇ ಸಲ. ಮೂವತ್ತು ವರ್ಷ ದಂಡ ಹಾಕಿದರೂ ಆಗದ ಪವಾಡ ನಾಲ್ಕು ದಿನದಲ್ಲಿ ಆಗಿತ್ತು.

"ಭೇಷ್ ಕಣ್ರೀ! ನಾಳೆಯಿಂದ ಪೇಟೆ ಪೇಟೆ ಸುತ್ತಿ. ಎಲ್ಲ ತಕ್ಕಡಿನೂ ಹಿಡೀರಿ. ಆದ್ರೆ ವಿಡಿಯೋ ಬೇಡ. ವಿಡಿಯೋನ ಫೈಲಿಗೆ ಟ್ಯಾಗ್ ಮಾಡೋಕಾಗಲ್ಲ. ಫೋಟೋ ತೆಗೀರಿ."

"ಸಾರ್, ಅಕ್ಕನ ಆಪರೇಷನ್ ಇದೆ. ಒಂಬತ್ತೇ ದಿನ ಉಳಿದಿದೆ. ರಜಾ..."

"ಆಪರೇಷನ್ ನಿಮಗಾ, ಅಕ್ಕನಿಗಾ? ಅಕ್ಕನಿಗೆ ತಾನೇ! ಹಿಂದಿನ ದಿನ ರಜಾ ತಗೊಳ್ಳಿ."

"ಆಗಲ್ಲ ಸಾರ್" ಎನ್ನುವ ಮಾತು ಮಿಲಿಗ್ರಾಮಿನ ನಾಲಿಗೆಯ ತುದಿವರೆಗೂ ಬಂದದ್ದು ನಿಜ. ಆದರೆ ಯಾರೂ ಅವನಿಗೆ ಭೇಷ್ ಎಂದಿರಲಿಲ್ಲ, ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ. ಬಂದ ಮಾತನ್ನು ಅವನು ನುಂಗಿಕೊಂಡ. ಸಂಜೆ ಹೋಗಿ ಆ ಕ್ಯಾಮೆರಾವನ್ನೇ ಕೊಂಡುಬಿಟ್ಟ. ಅಂಗಡಿಯ ಹುಡುಗಿ ಸಂತೋಷದಿಂದ ಕುತ್ತಿಗೆ ಪಟ್ಟಿ ಇನ್ನೊಂದನ್ನು ಪುಕ್ಕಟೆ ಕೊಟ್ಟಳು.

ಮುಂದಿನ ದಿನಗಳಲ್ಲಿ ಮಿಲಿಗ್ರಾಂ ನಾನೂರಕ್ಕೂ ಹೆಚ್ಚು ತಕ್ಕಡಿ ಹಿಡಿದ. ವರ್ತಕರು ತಲೆ ಬಾಚಿಕೊಂಡು, ತಕ್ಕಡಿಯ ಪಕ್ಕದಲ್ಲಿ ಎದೆಯುಬ್ಬಿಸಿ ನಿಲ್ಲುತ್ತಿದ್ದರು. ಒಬ್ಬನಂತೂ ಹೆಂಡತಿ ಮಕ್ಕಳನ್ನೂ ಕರೆತಂದು ತಕ್ಕಡಿಯ ಎರಡು ಕಡೆ ನಿಲ್ಲಿಸಿದ. ಈರುಳ್ಳಿಯಾಕೆ ಮೇಣ ಕಿತ್ತಿದ್ದ ಜಾಗವನ್ನು ಬೆರಳಿಟ್ಟು ತೋರಿಸಿ, "ಇದನ್ನ ಹತ್ತಿರದಿಂದ ತೆಗಿಯಣ್ಣಾ," ಎಂದಳು. ಮನೆಗೆ ಬರುವ ಹೊತ್ತಿಗೆ ಅಕ್ಕ ಬಿಸಿನೀರು ಕುಡಿದು ಮಲಗಿರುತ್ತಿದ್ದಳು. ಡಾಕ್ಟರು ಹೆಚ್ಚು ಮಾತಾಡಬೇಡಿ ಎಂದಿದ್ದರು. ಬೆಳಿಗ್ಗೆ ಅವಳ ದನಿ ಚೆನ್ನಾಗಿರುವ ಹೊತ್ತಿಗೆ ಇವನು ಪೇಟೆಯಲ್ಲಿರುತ್ತಿದ್ದ.

"ಅಕ್ಕ ಕಾಯ್ತಿದ್ದಾರೆ ಕಣ್ರೀ," ಎನ್ನುತ್ತಿದ್ದಳು ಹೆಂಡತಿ. "ಏನೇನು ಮಾತಾಡಬೇಕು ಅಂತ ಚೀಟಿ ಬರೆದಿಟ್ಕೊಂಡಿದ್ದಾರೆ."

ಕೊನೆಗೂ ಆಸ್ಪತ್ರೆಗೆ ಸೇರುವ ಹಿಂದಿನ ದಿನ ಬಂತು. ರಜಾ ಸಿಕ್ಕಿತ್ತು. ಬೆಳಿಗ್ಗೆ ಎಂಟಕ್ಕೆ ಮಿಲಿಗ್ರಾಂ ಅಕ್ಕನನ್ನು ಕಿಟಕಿಯ ಪಕ್ಕ ಕೂರಿಸಿದ. ಬೆಳಕು ಹೆಚ್ಚಾಯಿತೆಂದು ಬಾಗಿಲ ಪಕ್ಕ ಕೂರಿಸಿದ. ನೆರಳು ಬಿತ್ತೆಂದು ಮತ್ತೆ ಕಿಟಕಿಗೆ ತಂದ. ಅಕ್ಕನ ದನಿಗೆ ಅಡ್ಡಿಯಾಗಬಾರದೆಂದು ಫ್ಯಾನು ನಿಲ್ಲಿಸಿದ, ಗೋಡೆ ಗಡಿಯಾರವನ್ನು ಕೆಳಗಿಳಿಸಿದ, ಕೆಳಮನೆಯ ಟೈಲರಿಗೆ ಹೊಲಿಗೆ ಮೆಷಿನ್ ತುಳಿಯಬೇಡಿ ಎಂದು ಹೇಳಿಬಂದ. ಗುಂಡಿ ಒತ್ತಿದಾಗ ಕ್ಯಾಮೆರಾ ಮಾಡುವ ಪೀಂಪೀಂ ಸದ್ದೂ ಬೇಡವೆಂದು ಪುಸ್ತಕ ಓದಿ ಅದನ್ನೂ ಆರಿಸಿದ. ಪುಟ್ಟ ಪರದೆಯ ಮೂಲೆಯಲ್ಲಿ 412 ಎಂದಿತ್ತು. ನಾನೂರ ಹನ್ನೆರಡು ನಿಮಿಷ! ಅಕ್ಕನಿಗೆ ಬೇಕಾದಷ್ಟಾಯಿತು.

ಗ್ರಾಮೋ, ಲೀಟರೋ, ಮೀಟರೋ ಬರೆಯದೆ ಬರೀ ಅಂಕಿ ಬರೆದಿಟ್ಟ ವರ್ತಕರಿಗೆ ಅವನು ನೋಟೀಸು ಕೊಟ್ಟ ದಿನಗಳು ಎಷ್ಟೋ. ಅವತ್ತು ಮಾತ್ರ ನಾನೂರ ಹನ್ನೆರಡು ಏನು ಎಂದು ಆ ಕ್ಯಾಮೆರಾವನ್ನು ಕೇಳಲಿಲ್ಲ.

"ಶುರು ಮಾಡ್ಲೇನೋ?" ಎಂದಳು ಅಕ್ಕ.

"ತಡಿ. ಹೂಂ. ಈಗ," ಎಂದು ಗುಂಡಿ ಒತ್ತಿದ.

"ಟೋಕನ್ ನಂಬರ್ ಅರವತ್ಮೂರೂ... ಮೂರನೇ ಕಿಟಕೀ!"

ಗಾಜಿನ ಲೋಟ ಕಂಪಿಸಿತು. ಕೆಳಗಡೆ ಟೈಲರ್ ಕತ್ತರಿ ಕೈಬಿಟ್ಟ ಸದ್ದಾಯಿತು. ಮೂರು ವಾರದಲ್ಲಿ ಅವಳು ಅಷ್ಟು ಚೆನ್ನಾಗಿ ಕೂಗಿರಲಿಲ್ಲ. ಮಿಲಿಗ್ರಾಂ ಮುಗಿದಕೂಡಲೇ ಗುಂಡಿ ಒತ್ತಿ ನಿಲ್ಲಿಸಿದ. ಟೇಪು ಹಾಳಾಗಬಾರದಲ್ಲ!

ಹೀಗೆ ಅವಳು ಬಾಯಿ ತೆರೆದಾಗ ಒಂದು ಸಲ, ಮುಚ್ಚಿದಾಗ ಒಂದು ಸಲ. ಚೀಟಿಯಲ್ಲಿ ಬರೆದಿದ್ದಂತೆ ಅವಳು ಕಿಟಕಿಗಳನ್ನೆಲ್ಲ ಕೂಗಿದಳು, ಹಾಲಿನವನನ್ನು ಬೈದಳು, ತಮ್ಮನ ಹೆಂಡತಿಯನ್ನು ಹೊಗಳಿದಳು, ಸುಮ್ಮನೆ ಒಂದು ಸಲ ನಕ್ಕಳು. ಮಧ್ಯೆ ಮಧ್ಯೆ ಮಿಲಿಗ್ರಾಂ "ಅಕ್ಕಾ, ಗಲ್ಲ ಒಂಚೂರು ಮೇಲೆ", "ಕೂದಲು ಕಣ್ಣಿಗೆ ಬಂತು, ಇನ್ನೊಂದ್ಸಲ ಹೇಳು" ಎನ್ನುತ್ತಿದ್ದ. ಅವಳು ಇನ್ನೊಂದು ಸಲ ಹೇಳುತ್ತಿದ್ದಳು. ಗಂಟಲು ಹಿಡಿದುಕೊಂಡು, ನೀರು ಕುಡಿದು, ಮತ್ತೂ ಒಂದು ಸಲ ಹೇಳುತ್ತಿದ್ದಳು. ಕೊನೆಗೆ ಚೀಟಿ ಪಕ್ಕಕ್ಕಿಟ್ಟಳು.

"ಇದು ಬರೆದಿರ್ಲಿಲ್ಲ. ನೀನು ಚಿಕ್ಕವನಿದ್ದಾಗ ಸಂಜೆ ಬೀದೀಲಿ ಆಡ್ಕೊಂಡು ಎಲ್ಲೋ ಹೋಗಿಬಿಡ್ತಿದ್ದೆ. ಅಮ್ಮ ಕೆಲಸದಿಂದ ಬರೋಷ್ಟರಲ್ಲಿ ನಿನ್ನ ಹುಡುಕಿ ತರಬೇಕು. ಹುಡುಕೋದು ಯಾರು? ಮೆಟ್ಟಿಲ ಮೇಲೆ ನಿಂತು ಕೂಗಿಬಿಡ್ತಿದ್ದೆ. ಆ ಅಭ್ಯಾಸಕ್ಕೇ ಈ ಕೆಲಸ ಸಿಕ್ಕಿದ್ದು ನನಗೆ. ಒತ್ತು, ಒತ್ತು, ಕೂಗ್ತೀನಿ."

ಅವನು ಗುಂಡಿಯ ಮೇಲೆ ಬೆರಳಿಟ್ಟ. ಅಕ್ಕ ಕಣ್ಣು ಮುಚ್ಚಿ, ಉಸಿರು ತುಂಬಿಕೊಂಡು ಬಾಯಿ ತೆರೆದಳು, ಅವನು ಒತ್ತಿದ.

"ಪುಟ್ಟಾ, ಬಾರೋ ಮನೆಗೇ...!"

ಕೊನೆಯ ಅಕ್ಷರ ಮೇಲೆ ಹೋಗಿ, ಅಲ್ಲಿ ಒಂದು ಸಲ ತಿರುಗಿ ನಿಂತಿತು. ಐವತ್ತೆರಡು ಕಿಲೋದ ನಲವತ್ತೆಂಟು ವರ್ಷದ ಗಂಡಸು ಕ್ಯಾಮೆರಾ ಹಿಡಿದುಕೊಂಡೇ ಎರಡು ಹೆಜ್ಜೆ ಮುಂದೆ ಬಂದುಬಿಟ್ಟ.

"ಒಂದ್ಸಲ ಹಾಕಿ ನೋಡೋಣ್ವೇನ್ರೀ?" ಎಂದಳು ಹೆಂಡತಿ.

"ಬೇಡ. ಮೂಲ ಪ್ರತಿ. ಓಡಿಸಿ ಓಡಿಸಿ ಸವೆಸಬಾರದು," ಎಂದು ಮಿಲಿಗ್ರಾಂ ಕ್ಯಾಮೆರಾವನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದ. ಅಂಥ ಎಚ್ಚರಿಕೆಗೆ ಪ್ರಶಸ್ತಿ ಕೊಡುವುದಿದ್ದರೆ ಆ ವರ್ಷ ಅವನಿಗೇ ಬರಬೇಕಿತ್ತು.

ಆಪರೇಷನ್ ಚೆನ್ನಾಗಿ ಆಯಿತು. ಹದಿಮೂರನೇ ದಿನ ಅಕ್ಕ ಕತ್ತಿಗೆ ಬಿಳಿ ಪಟ್ಟಿ ಸುತ್ತಿಕೊಂಡು ಮನೆಗೆ ಬಂದಳು. ಮೆಟ್ಟಿಲು ಹತ್ತಿ ಬಂದವಳು ಬಾಯಿ ತೆರೆದು, ಏನೋ ಹೇಳಲು ಹೋಗಿ, ನೆನಪಾಗಿ, ಮುಚ್ಚಿದಳು. ಆಮೇಲೆ ಟೀವಿಯ ಕಡೆ ಬೆರಳು ತೋರಿಸಿದಳು. ಹಾಕು.

ಆ ಹೊತ್ತಿಗೆ ನೋಡಲು ಬಂದವರು ಮೂವರಿದ್ದರು. ಕೆಳಮನೆ ಟೈಲರ್. ಒಂದು ಕಿಲೋ ನೂರು ಗ್ರಾಂ ಈರುಳ್ಳಿಯೊಂದಿಗೆ ಈರುಳ್ಳಿಯಾಕೆ. ಹಿಂದೊಮ್ಮೆ ನೋಂದಣಿ ಕಚೇರಿಯಲ್ಲಿ ನಿದ್ದೆಹೋಗಿ ಅಕ್ಕನಿಂದ ಮೂರು ಸಲ ಕೂಗಿಸಿಕೊಂಡಿದ್ದ ಸಾಹೇಬರು. ಮಿಲಿಗ್ರಾಂ ತಂತಿ ಜೋಡಿಸಿದ. ಎಲ್ಲರೂ ಕುರ್ಚಿ ಎಳೆದುಕೊಂಡರು. ಟೇಪು ಓಡಿಸಿದ. ಟೀವಿಯ ತುಂಬ ನೀಲಿ. ಮುಂದಕ್ಕೆ ಓಡಿಸಿದ, ನೀಲಿ. ಹಿಂದಕ್ಕೆ ಓಡಿಸಿದ, ನೀಲಿ.

"ಆಕಾಶ ತುಂಬ ಚೆನ್ನಾಗಿ ಬಂದಿದೆ," ಎಂದರು ಸಾಹೇಬರು.

ಮಿಲಿಗ್ರಾಂ ಚಕ್ರವನ್ನು ನೋಡಿದ. ಅದು ಸಾಹೇಬರ ಆರ್ಡರಿನಂತೆ ಪೇಟೆಗೆ ಹೋದ ದಿನ ಎಲ್ಲಿ ತಿರುಗಿಸಿದ್ದನೋ ಅಲ್ಲಿಯೇ, ಫೋಟೋದ ಕಡೆಗೇ, ಪ್ರಾಮಾಣಿಕವಾಗಿ ನಿಂತಿತ್ತು. ನಾನೂರ ಹನ್ನೆರಡು ನಿಮಿಷ ಅಲ್ಲ. ನಾನೂರ ಹನ್ನೆರಡು ಫೋಟೋ. ಅವನು ಕಾರ್ಡಿನ ಚಿತ್ರ ಹಾಕಿದ. ಮೊದಲು ಒಂದಾದ ಮೇಲೊಂದು ತಕ್ಕಡಿಗಳು ಬಂದವು. ಈರುಳ್ಳಿಯಾಕೆ "ಅದು ನಂದು!" ಎಂದಳು. ಆಮೇಲೆ ಅಕ್ಕ ಬಂದಳು.

ಅದ್ಭುತವಾದ ಫೋಟೋ. ಕಿಟಕಿಯ ಬೆಳಕು ಕೆನ್ನೆಯ ಮೇಲೆ, ಒಂದೊಂದು ಕೂದಲೂ ಎಣಿಸುವಂತೆ. ಅಕ್ಕ ಬಾಯಿ ತೆರೆದಿದ್ದಾಳೆ. ಮುಂದಿನದು: ಅಕ್ಕ ಬಾಯಿ ಮುಚ್ಚಿದ್ದಾಳೆ. ಮುಂದಿನದು: ತೆರೆದಿದ್ದಾಳೆ. ಅದರ ಮುಂದಿನದು: ಮುಚ್ಚಿದ್ದಾಳೆ. ಹತ್ತೊಂಬತ್ತು ತೆರೆದದ್ದು, ಹತ್ತೊಂಬತ್ತು ಮುಚ್ಚಿದ್ದು.

"ವಾಲ್ಯೂಮ್ ಜಾಸ್ತಿ ಮಾಡಪ್ಪಾ," ಎಂದ ಟೈಲರ್.

ಮಿಲಿಗ್ರಾಂ ಜಾಸ್ತಿ ಮಾಡಿದ. ಏನು ಮಾಡುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ. ಪರದೆಯ ಮೇಲೆ ಹಸಿರು ಗೆರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಮುಟ್ಟಿತು. ಯಾರೂ ಅಕ್ಕನ ಕಡೆ ನೋಡಲಿಲ್ಲ. ಹೆಂಡತಿ ಎದ್ದು ಅಡುಗೆಮನೆಗೆ ಹೋದಳು. ಅಲ್ಲಿ ಪಾತ್ರೆಗಳ ಸದ್ದು ಬರಲಿಲ್ಲ.

ಕಷ್ಟದ ಹೊತ್ತಿನಲ್ಲಿ ಸುಮ್ಮನಿರುವುದು ದೊಡ್ಡ ಮನುಷ್ಯರಿಗೆ ಬರುವುದಿಲ್ಲ. ಸಾಹೇಬರು ಗಂಟಲು ಸರಿಮಾಡಿಕೊಂಡು, "ದನಿ ಇಲ್ಲದಿದ್ರೆ ಏನಂತೆ, ನಮಗೆಲ್ಲ ನೆನಪಿದೆಯಲ್ಲ! ಇದು 'ಟೋಕನ್ ನಂಬರ್' ಅಂತಿರೋದು," ಎಂದು, ಕಂದಾಯ ಸಭೆಯಲ್ಲಿ ವರದಿ ಓದುವಂತೆ ಕೂಗಿ ತೋರಿಸಿದರು.

"ಅಯ್ಯೋ ಹಾಗಲ್ಲ ಸಾರ್," ಎಂದ ಟೈಲರ್. "ದಪ್ಪ ದನಿ ಅಲ್ಲ, ಚೂಪು. ಟೋಓಕನ್! ಹೊಲಿಗೆ ಬಿಚ್ಚುತ್ತಲ್ಲ, ಹಂಗೆ."

"ನಿಮಗೇನು ಗೊತ್ತು ಸುಮ್ಮನಿರಿ," ಎಂದಳು ಈರುಳ್ಳಿಯಾಕೆ. "ಅಕ್ಕನದು ಗಂಡುದನಿ. ನಮ್ಮ ಅಂಗಡಿ ನೋಂದಣಿಗೆ ಹೋದಾಗ ಎದೆ ಧಸಕ್ ಅಂದಿತ್ತು." ಅವಳೂ ಕೂಗಿದಳು.

ಒಂದೇ ಕೋಣೆಯಲ್ಲಿ ಮೂವರು ಅಕ್ಕಂದಿರು ಟೋಕನ್ ಕೂಗತೊಡಗಿದರು. ನಿಜವಾದ ಅಕ್ಕ ನಡುವೆ ಕೂತು ಒಬ್ಬೊಬ್ಬರ ಕಡೆಗೂ ತಿರುಗಿ ಕೇಳಿದಳು, ಬಹಳ ಗಮನವಿಟ್ಟು ಕೇಳಿದಳು, ಮತ್ತು ಮೂವರಿಗೂ ಅಲ್ಲವೆಂದು ತಲೆಯಾಡಿಸಿದಳು. ಆಮೇಲೆ ರಿಮೋಟು ತೆಗೆದುಕೊಂಡು ಚಿತ್ರಗಳನ್ನು ಸರಿಸುತ್ತ ಕೊನೆಯ ಕೂಗಿನದಕ್ಕೆ ಬಂದಳು. ಕಣ್ಣು ಮುಚ್ಚಿ, ಬಾಯಿ ಅಗಲಕ್ಕೆ ತೆರೆದ ಅಕ್ಕ. ರಿಮೋಟಿನ ತುದಿಯಿಂದ ತಮ್ಮನ ಎದೆಗೆ ಮೆಲ್ಲಗೆ ತಿವಿದಳು.

"ನಾನಾ?" ಎಂದ ಮಿಲಿಗ್ರಾಂ. "ನನಗೆ ಬರಲ್ಲಕ್ಕಾ."

ಮತ್ತೊಮ್ಮೆ ತಿವಿದಳು. ಅವನು ಗೋಡೆಯ ಕಡೆ ತಿರುಗಿ, "ಪುಟ್ಟಾ, ಬಾರೋ ಮನೆಗೆ" ಎಂದ. ಅಕ್ಕ ಅಲ್ಲವೆಂದಳು. ಆದರೆ ಈ ಸಲ ಅಂಗೈ ಮೇಲೆತ್ತಿ ತೋರಿಸಿದಳು: ಕೊನೆಗೆ ಮೇಲೆ ಹೋಗಬೇಕು.

ಅಂದಿನಿಂದ ಪ್ರತಿ ಸಂಜೆ ಐದೂವರೆಗೆ ಮಿಲಿಗ್ರಾಂ ಮಹಡಿಯ ಬಾಲ್ಕನಿಯಲ್ಲಿ ನಿಂತು ತನ್ನನ್ನೇ ತಾನು ಮನೆಗೆ ಕರೆಯತೊಡಗಿದ. ಅಕ್ಕ ಕುರ್ಚಿಯಲ್ಲಿ ಕೂತು ಕೈಯಿಂದಲೇ ತಿದ್ದುತ್ತಿದ್ದಳು. ಅಂಗೈ ಕೆಳಗೆ: ಇಳಿಸು. ಎರಡು ಬೆರಳು ಎಳೆದರೆ: ಎಳೆ. ಮುಷ್ಟಿ ಬಿಗಿಹಿಡಿದರೆ: ಏನು, ಊಟ ಮಾಡಿಲ್ವಾ? ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಹೊಸಬರೊಬ್ಬರು ಗಾಬರಿಯಿಂದ ಬಾಗಿಲು ತಟ್ಟಿ, "ಯಾರಾದ್ರೂ ಕಳೆದುಹೋಗಿದ್ದಾರಾ?" ಎಂದು ಕೇಳಿದರು.

"ಹೂಂ, ಅವರೇ," ಎಂದಳು ಹೆಂಡತಿ.

"ಬಂದುಬಿಡಪ್ಪಾ ಮನೆಗೆ, ಎಷ್ಟು ಕರೆಸ್ಕೊತೀಯ!" ಎಂದು ಕೆಳಗಿನಿಂದ ಟೈಲರ್ ಕೂಗುತ್ತಿದ್ದ.

ಮಿಲಿಗ್ರಾಂ ಯಾರ ಮಾತಿಗೂ ಕಿವಿಗೊಡಲಿಲ್ಲ. ಅಕ್ಕ ಒಂದು ದಿನವೂ ಸರಿ ಎನ್ನಲಿಲ್ಲ. ಅದೇ ಅವನಿಗೆ ಸಮಾಧಾನ. ಅವಳು ಅಲ್ಲವೆಂದು ತಲೆಯಾಡಿಸುವಷ್ಟು ದಿನ ಅವಳ ಕಿವಿಯೊಳಗೆ ಆ ದನಿ ಇದೆ ಎಂದಾಯಿತಲ್ಲ.

ಮೂರು ತಿಂಗಳಾದ ಮೇಲೆ ಅವನಿಗೆ ನೆಗಡಿಯಾಯಿತು. ಮೂಗು ಕಟ್ಟಿ, ಗಂಟಲು ಹರಿದ ಬಟ್ಟೆಯಂತಾಗಿತ್ತು. "ಅಕ್ಕಾ, ಇವತ್ತು ಬೇಡ," ಎಂದ. ಅಕ್ಕ ಕುರ್ಚಿಯ ಕೈ ತಟ್ಟಿದಳು. ಅವನು ಬಾಲ್ಕನಿಗೆ ಹೋಗಿ, ಕೆಮ್ಮಿ, ಹೇಗೋ ಒಂದು ಸಲ ಕೂಗಿದ. ಪುಟ್ಟಾ ಎನ್ನುವುದು ಮೂಗಿನಲ್ಲಿ ಸಿಕ್ಕಿಕೊಂಡಿತು. ಕೊನೆಯ ಅಕ್ಷರ ಮೇಲೆ ಹೋಗಲೇ ಇಲ್ಲ, ಬಂಡಿಯ ಗಾಲಿಯಂತೆ ಕೆಳಗೆ ಉರುಳಿ ನಿಂತಿತು. ಇಷ್ಟು ತಪ್ಪಾಗಿ ಅವನು ಎಂದೂ ಕೂಗಿರಲಿಲ್ಲ.

ಅವನು ತಿರುಗಿ ನೋಡಿದ. ಅಕ್ಕ ಕಣ್ಣು ಮುಚ್ಚಿ ಕೂತಿದ್ದಳು. ಮೆಲ್ಲಗೆ ತಲೆದೂಗುತ್ತಿದ್ದಳು. ಆಮೇಲೆ ಕಣ್ಣು ತೆರೆದು, ಆಪರೇಷನ್ ಆದಮೇಲೆ ಮೊದಲ ಸಲ ಮುಖದ ತುಂಬ ನಕ್ಕು, ಬೆರಳೆತ್ತಿ ತೋರಿಸಿದಳು. ಇದೇ. ಹೀಗೇ ಇತ್ತು.

"ಅಲ್ಲಕ್ಕಾ..." ಎಂದು ಅವನು ಬಾಯಿ ತೆರೆದ.

ಅಕ್ಕ ನಗುತ್ತಲೇ ಇದ್ದಳು.

"ಹೂಂ ಅಕ್ಕಾ, ಇದೇ," ಎಂದ ಮಿಲಿಗ್ರಾಂ.

ಅವಳು ಕೈಯಾಡಿಸಿ ಇನ್ನೊಂದು ಸಲ ಎಂದಳು. ಅವನು ಬೀದಿಯ ಕಡೆ ತಿರುಗಿ, ಅದೇ ತಪ್ಪನ್ನು, ಒಂದು ಕೂದಲೆಳೆಯೂ ಆಚೀಚೆಯಾಗದಂತೆ, ಮತ್ತೆ ಕೂಗಿದ.